ಗೋಮಾ ಬೇಡ, ಗಿಸೆನಿಗೆ ಬನ್ನಿ

ಮುಂದಿನ ತಿಂಗಳು ರುವಾಂಡಾದ ರಾಜಧಾನಿ ಕಿಗಾಲಿಗೆ ಕೆಲಸಕ್ಕೆ ಬರುತ್ತಿದ್ದೀರಿ, ರಜೆಯಲ್ಲಿ ಪಕ್ಕದ ಕಾಂಗೋ ದೇಶದ ಗೋಮಾಗೆ ಹೋಗಿ ನ್ಯಿರಗೊಂಗೊ ಜ್ವಾಲಾಮುಖಿ ಹತ್ತಬಹುದಾ, ಸಸ್ಯಾಹಾರಿಗೆ ಊಟ ಸಿಗುತ್ತಾ ಅಂತ ಕೇಳಿದ್ದೀರಿ. ಮೊದಲನೆಯದು ಬೇಡ. ಊಟದ ವಿಷಯ ಆಮೇಲೆ ಹೇಳುತ್ತೇನೆ.

ನಾನಿರುವುದು ಗಡಿಯ ಈ ಕಡೆ, ರುವಾಂಡಾದ ಗಿಸೆನಿಯಲ್ಲಿ, ಹನ್ನೆರಡು ವರ್ಷದಿಂದ. ಗಿಸೆನಿ, ಗೋಮಾ ಎರಡೂ ಅಂಟಿಕೊಂಡ ಊರುಗಳು, ನಡುವೆ ಒಂದು ಗೇಟು ಅಷ್ಟೆ. ಮೊದಲೆಲ್ಲ ಸಂತೆಗೆ ಹೋದ ಹಾಗೆ ಹೋಗಿ ಬರುತ್ತಿದ್ದೆ. 2025ರ ಜನವರಿಯಲ್ಲಿ ಎಂ23 ಅನ್ನೋ ಗುಂಪಿನ ಬಂಡುಕೋರರು ಗೋಮಾವನ್ನು ಹಿಡಿದರು. ತರಕಾರಿ ಬುಟ್ಟಿ ಹೊತ್ತ ಹೆಂಗಸರು ದಾಟುವುದನ್ನು ನೋಡಿ ನಾವೂ ಹೋಗಬಹುದಲ್ವಾ ಅನ್ನಿಸುತ್ತೆ. ಅವರಿಗೆ ಹೋಗದಿದ್ದರೆ ಒಲೆ ಹತ್ತುವುದಿಲ್ಲ, ನಿಮಗೇನು ಅವಸರ? ಗೇಟಿನ ಹತ್ತಿರ ಫೋನ್ ಜೇಬಲ್ಲೇ ಇರಲಿ, ಸೈನಿಕರ ಫೋಟೋ ತೆಗೆದರೆ ಸುಮ್ನೆ ತಲೆನೋವು.

ಬೆಟ್ಟ ನೋಡೋಕೆ ಹತ್ತಲೇಬೇಕು ಅಂತಿಲ್ಲ. 3,470 ಮೀಟರ್ ಎತ್ತರ ಇದೆ, ಮೋಡ ಸರಿದರೆ ಇಲ್ಲಿಂದಲೇ ಕಾಣುತ್ತೆ, ಕೆಲವು ರಾತ್ರಿ ತುದಿಯಲ್ಲಿ ಕೆಂಪು ಬೆಳಕೂ ಇರುತ್ತೆ. ಇದರ ಲಾವಾ ಬಹಳ ತೆಳು, ಇಳಿಜಾರಲ್ಲಿ ನೀರಿನ ಹಾಗೆ ಓಡುತ್ತೆ, ಅದೇ ಭಯ. 2002ರಲ್ಲಿ ಗೋಮಾ ಪೇಟೆಯ ನಡುವೆಯೇ ಹರಿದು ಪಕ್ಕದ ಕಿವು ಸರೋವರಕ್ಕೆ ಬಿತ್ತು. 2021ರ ಮೇ 22, ಶನಿವಾರ ಸಂಜೆ ನಾನು ಇಲ್ಲೇ ಇದ್ದೆ. ಆಕಾಶ ಕುಲುಮೆಯ ಹಾಗೆ ಕೆಂಪಾಯ್ತು, ರಾತ್ರಿಯೆಲ್ಲ ಜನ ಹಾಸಿಗೆ, ಮಕ್ಕಳು, ಆಡು ಹಿಡಿದುಕೊಂಡು ಗಡಿ ದಾಟಿ ಬಂದರು. ಮಾರನೇ ದಿನದಿಂದ ಭೂಕಂಪ ಶುರು, ನಿಲ್ಲಲೇ ಇಲ್ಲ. ನಮ್ಮ ಅಡುಗೆಮನೆ ಗೋಡೆ ಮೇಲಿಂದ ಕೆಳಗೆ ಸೀಳಿತು, ನಾಲ್ಕು ರಾತ್ರಿ ಕಾರಲ್ಲಿ ಮಲಗಿದೆವು. ಗೋಡೆಗೆ ಸಿಮೆಂಟ್ ಮೆತ್ತಿದ್ದೇನೆ, ಬಂದರೆ ತೋರಿಸುತ್ತೇನೆ.

ಕಿಗಾಲಿಯ ನ್ಯಾಬುಗೊಗೊ ನಿಲ್ದಾಣದಿಂದ ಬಸ್ಸು ಸಿಗುತ್ತೆ, ಮೂರೂವರೆಯಿಂದ ನಾಲ್ಕು ಗಂಟೆ, ದಾರಿ ಆಗುಂಬೆ ಘಾಟಿಯನ್ನು ಎಳೆದು ಉದ್ದ ಮಾಡಿದ ಹಾಗೆ. ವಾಂತಿ ಆಗುವವರು ಮುಂದಿನ ಸೀಟು ಹಿಡಿಯಿರಿ. ತಿಂಗಳ ಕೊನೆಯ ಶನಿವಾರ ಮಾತ್ರ ಹೊರಡಬೇಡಿ, ಬೆಳಿಗ್ಗೆ ಉಮುಗಾಂಡ, ಅಂದರೆ ಊರಿಗೆ ಊರೇ ಶ್ರಮದಾನ, 11 ಗಂಟೆವರೆಗೆ ಏನೂ ಓಡಾಡುವುದಿಲ್ಲ. ರಾತ್ರಿ ಚಳಿ ಜಾಸ್ತಿ, ಸ್ವೆಟರ್ ಬೇಕು. ಯೆಲ್ಲೋ ಫೀವರ್ ಲಸಿಕೆ ಭಾರತದಲ್ಲೇ ಹಾಕಿಸಿಕೊಳ್ಳಿ, ಆ ಕಾರ್ಡು ಪಾಸ್‌ಪೋರ್ಟ್ ಜೊತೆಗೇ ಇರಲಿ. ಡಾಲರ್ ತಂದರೆ ಹೊಸ ನೋಟು ತನ್ನಿ, ಹಳೆಯದನ್ನು ಮೂಸಿಯೂ ನೋಡುವುದಿಲ್ಲ.

ಊಟಕ್ಕೆ ತೊಂದರೆ ಇಲ್ಲ. ಬೀನ್ಸ್ ಕಾಳಿನ ಪಲ್ಯ, ಬೇಯಿಸಿದ ಬಾಳೆಕಾಯಿ, ಅನ್ನ, ಚಪಾತಿ ಎಲ್ಲ ಕಡೆ ಇದೆ. ಇಸೊಂಬೆ ಅಂತ ಮರಗೆಣಸಿನ ಸೊಪ್ಪಿನ ಅಡುಗೆ ಚೆನ್ನಾಗಿರುತ್ತೆ, ಆದರೆ ಒಣಮೀನು, ಮಾಂಸ ಹಾಕಿದ್ದಾರಾ ಅಂತ ಕೇಳಿಯೇ ತಟ್ಟೆಗೆ ಹಾಕಿಸಿಕೊಳ್ಳಿ. ಖಾರ ಮಾತ್ರ ಸಾಲದು. ಸಾರಿನ ಪುಡಿ ತನ್ನಿ, ನನಗೂ ಅರ್ಧ ಕೆಜಿ. ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಬೇಡಿ, ಇಲ್ಲಿ 2008ರಿಂದ ಅದು ನಿಷೇಧ, ವಿಮಾನ ನಿಲ್ದಾಣದಲ್ಲೇ ಕಿತ್ತಿಟ್ಟುಕೊಳ್ಳುತ್ತಾರೆ. ಸ್ಟೀಲ್ ಡಬ್ಬಿಯಲ್ಲಿ ಹಾಕಿ ತನ್ನಿ.