ನಾನೇ ಬರೆದ ರೆಜೆಕ್ಸ್ ನನಗೇ ಅರ್ಥ ಆಗುತ್ತಿಲ್ಲ, ಓದುವ ಹಾಗೆ ಬರೆಯುವುದು ಹೇಗೆ?

ನನಗೂ ಇದೇ ಆಗಿತ್ತು. (ರೆಜೆಕ್ಸ್ ಅಂದರೆ ಪಠ್ಯದಲ್ಲಿ ಬೇಕಾದ್ದನ್ನು ಹುಡುಕಲು ಬರೆಯುವ ಚಿಹ್ನೆಗಳ ಸೂತ್ರ.) ಮಲ್ಪೆಯಲ್ಲಿ ಮೀನು ವ್ಯಾಪಾರ ಮಾಡುವ ಪರಿಚಯದವರೊಬ್ಬರ ವಾಟ್ಸಾಪ್ ಮೆಸೇಜುಗಳಿಂದ ಲೆಕ್ಕ ತೆಗೆಯಲು ಪೈಥಾನ್‌ನಲ್ಲಿ ಒಂದು ಸ್ಕ್ರಿಪ್ಟ್ ಬರೆದಿದ್ದೆ. ‘ಬಂಗುಡೆ 40 ಕೆಜಿ 160’, ‘ಅಂಜಲ್ 12ಕೆಜಿ 700’, ಹೀಗೆ ಬರುತ್ತವೆ. ಜೂನ್, ಜುಲೈಯಲ್ಲಿ ಯಾಂತ್ರಿಕ ಬೋಟುಗಳಿಗೆ ನಿಷೇಧ ಅಲ್ವಾ, ಎರಡು ತಿಂಗಳು ಆ ಫೈಲ್ ಮುಟ್ಟಲೇ ಇಲ್ಲ. ಆಗಸ್ಟಿನಲ್ಲಿ ತೆರೆದರೆ ಒಂದೇ ಸಾಲು, ಸಿಕ್ಕುಬಿದ್ದ ಬಲೆಯ ಹಾಗೆ, ತಲೆ ಬುಡ ತಿಳಿಯಲಿಲ್ಲ.

ಮೊದಲು ವರ್ಬೋಸ್ ಫ್ಲ್ಯಾಗ್ (re.VERBOSE ಅನ್ನುವ ಆಯ್ಕೆ) ಹಾಕಿ. ಆಗ ರೆಜೆಕ್ಸನ್ನು ನಾಲ್ಕೈದು ಸಾಲಿಗೆ ಮುರಿಯಬಹುದು, ಪ್ರತಿ ಸಾಲಿನ ಕೊನೆಗೆ # ಹಾಕಿ ಟಿಪ್ಪಣಿ ಬರೆಯಬಹುದು. ಆದರೆ ಒಂದು ಎಚ್ಚರ: ಈ ಫ್ಲ್ಯಾಗ್ ಇದ್ದರೆ ನೀವು ಸುಮ್ನೆ ಬಿಟ್ಟ ಸ್ಪೇಸ್ ಲೆಕ್ಕಕ್ಕೇ ಇಲ್ಲ. ನಿಜವಾದ ಸ್ಪೇಸ್ ಬೇಕಿದ್ದರೆ ಅದಕ್ಕಿಂತ ಮೊದಲು ಬ್ಯಾಕ್‌ಸ್ಲಾಶ್ ಹಾಕಬೇಕು. ನಾನು ಇದನ್ನು ಮರೆತು ಒಂದು ಸಂಜೆ ಕಳೆದಿದ್ದೇನೆ.

ಆಮೇಲೆ ಬ್ರಾಕೆಟ್ ಹಾಕಿ ಹಿಡಿಯುವ ತುಂಡುಗಳಿಗೆ, ಅಂದರೆ ಗ್ರೂಪ್‌ಗಳಿಗೆ ಹೆಸರು ಕೊಡಿ. ಮೂರನೇ ಬ್ರಾಕೆಟ್ ಯಾವುದು ಅಂತ ಬೆರಳು ಮಡಚಿ ಎಣಿಸುವುದು ತಪ್ಪುತ್ತದೆ. ಪೈಥಾನ್ 3ರಲ್ಲಿ ಹೆಸರು ಕನ್ನಡದಲ್ಲೇ ಇರಬಹುದು. ನನ್ನದರಲ್ಲಿ ಮೀನು, ತೂಕ, ದರ ಅಂತಲೇ ಇವೆ.

ಕನ್ನಡ ಪಠ್ಯ ಅಂದರೆ ಇನ್ನೊಂದು ಗುಂಡಿ ಇದೆ. ಪೈಥಾನ್ ಜೊತೆಗೇ ಬರುವ ರೆಜೆಕ್ಸ್ ಮಾಡ್ಯೂಲ್‌ನಲ್ಲಿ ಬ್ಯಾಕ್‌ಸ್ಲಾಶ್ ಡಬ್ಲ್ಯೂ (\w, ಅಂದರೆ ಯಾವುದೇ ಅಕ್ಷರ ಅಥವಾ ಅಂಕಿ) ನಮ್ಮ ಕಾಗುಣಿತದ ಚಿಹ್ನೆಗಳನ್ನೂ ಸೊನ್ನೆಯನ್ನೂ (ಂ) ಅಕ್ಷರ ಅಂತ ಒಪ್ಪುವುದಿಲ್ಲ, ಹಾಗಾಗಿ ‘ಬಂಗುಡೆ’ ಕೊಟ್ಟರೆ ಬ, ಗ, ಡ ಅಂತ ಮೂರು ತುಂಡು ವಾಪಸ್ ಬರುತ್ತದೆ. (ಮೀನು ಕತ್ತರಿಸಿ ಕೊಡು ಅಂತ ನಾನೇನೂ ಹೇಳಿರಲಿಲ್ಲ.) ಅದರ ಬದಲು ಕನ್ನಡದ ಯೂನಿಕೋಡ್ ವ್ಯಾಪ್ತಿ (ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರಗಳಿಗಿರುವ ಸಂಖ್ಯೆಗಳು), 0ಸಿ80ರಿಂದ 0ಸಿಎಫ್‌ಎಫ್, ಚೌಕ ಬ್ರಾಕೆಟ್‌ನಲ್ಲಿ ಕೊಡಿ. ಅದರೊಳಗೆ ಕನ್ನಡದ ಅಂಕಿಗಳೂ ಇವೆ, 0ಸಿಇ6ರಿಂದ 0ಸಿಇಎಫ್‌ವರೆಗೆ. ಹೆಸರಿಗೆ ತೂಕ ಅಂಟಿಸಿ ಬರೆಯುವವರಿದ್ದರೆ ಆ ಅಂಕಿಗಳನ್ನು ವ್ಯಾಪ್ತಿಯಿಂದ ಬಿಡಿ. ಅಂಕಿಗೆ ಬ್ಯಾಕ್‌ಸ್ಲಾಶ್ ಡಿ (\d) ಸಾಕು. ಅದು ‘೪೦’ನ್ನೂ ಹಿಡಿಯುತ್ತದೆ, ಪಠ್ಯವನ್ನು ಸಂಖ್ಯೆ ಮಾಡುವ ಇಂಟ್ ಫಂಕ್ಷನ್‌ಗೆ ಕೊಟ್ಟರೆ ನೆಟ್ಟಗೆ 40 ಆಗುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಹಾಗಿಲ್ಲ, ಅಲ್ಲಿ 0ರಿಂದ 9 ಮಾತ್ರ.

ಮತ್ತೆ ಎಲ್ಲವನ್ನೂ ರೆಜೆಕ್ಸ್‌ನಿಂದಲೇ ಹಿಡಿಯುವ ಹಠ ಬೇಡ. ನಾನು ಈಗ ಮೊದಲು ಸಾಲು ಬೇರೆ ಮಾಡುತ್ತೇನೆ, ಆಮೇಲೆ ಒಂದೊಂದಕ್ಕೆ ನಿಯಮ ಹಚ್ಚುತ್ತೇನೆ. ಹೊಂದದ್ದು ಬೇರೆ ಫೈಲಿಗೆ. ರಾತ್ರಿ ಅದನ್ನು ನೋಡಿದರೆ ಜಾಸ್ತಿ ಇರುವುದು ‘ಐಸ್ ಖಾಲಿ’, ‘ನಾಳೆ ಫೋನ್ ಮಾಡಿ’.