ಕೇಬಲ್ ಬೇಕಾ ಅಂತ ಕೇಳಿದ ತಂಗಿಗೆ

ಅಮೆರಿಕದ ಟೆಕ್ಸಾಸಿನ ಪ್ಲೇನೋಗೆ ಬಂದು ಮೂರು ವಾರವಾಗಿರುವ ದಾವಣಗೆರೆಯ ಹುಡುಗಿಯೊಬ್ಬಳು ಹೀಗೆ ಕೇಳಿದ್ದಾಳೆ: “ಅಕ್ಕಾ, ಇಂಟರ್ನೆಟ್ ಹಾಕಲು ಬಂದವನು ಜೊತೆಗೆ ಕೇಬಲ್ ಟಿವಿನೂ ತಗೊಳ್ಳಿ, ತಿಂಗಳಿಗೆ 60 ಡಾಲರ್, ಎರಡು ವರ್ಷದ ಕಾಂಟ್ರಾಕ್ಟ್ ಅಂತಿದ್ದಾನೆ. ಇವರ ಆಫೀಸಿನವರು ಈಗ ಯಾರು ಕೇಬಲ್ ಹಾಕಿಸ್ತಾರೆ, ಯೂಟ್ಯೂಬ್ ಟಿವಿ ತಗೊಳ್ಳಿ ಅಂತಾರಂತೆ. ಅದು ನೋಡಿದರೆ 83 ಡಾಲರ್. ಯಾವುದು ಲಾಭ? ಇವರಿಗೆ ಕ್ರಿಕೆಟ್ ಇಲ್ಲದೆ ಆಗಲ್ಲ. ಜೂನಿಗೆ ಅತ್ತೆ ಮಾವ ಬರ್ತಾರೆ. ಚಳಿಗೆ ಏನು ತಗೋಬೇಕು, ಕ್ರೆಡಿಟ್ ಕಾರ್ಡ್ ಹೇಗೆ ಮಾಡಿಸಬೇಕು, ಅದನ್ನೂ ಹೇಳಿ.”

ಚಳಿ ಮೊದಲು ಮುಗಿಸುತ್ತೇನೆ. ಟೆಕ್ಸಾಸಿಗೆ ಒಂದು ಒಳ್ಳೆಯ ಜಾಕೆಟ್ ಸಾಕು. 2021ರ ಫೆಬ್ರುವರಿಯ ಹಾಗೆ ಯಾವಾಗಲೋ ಒಮ್ಮೆ ಹಿಮ ಬಿದ್ದು ಕರೆಂಟೂ ಹೋದರೆ ಇರಲಿ ಅಂತ ಎರಡು ದಪ್ಪ ರಜಾಯಿ ಇಟ್ಟುಕೋ. ಕಾರ್ಡಿಗೆ ನಿನ್ನ ಬ್ಯಾಂಕಿನಲ್ಲೇ ಸ್ವಲ್ಪ ಡೆಪಾಸಿಟ್ ಇಟ್ಟು ಸೆಕ್ಯೂರ್ಡ್ ಕಾರ್ಡ್ ಮಾಡಿಸು. ತಿಂಗಳ ಬಿಲ್ ಪೂರ್ತಿ ಕಟ್ಟು. ಅಷ್ಟೇ.

ಟಿವಿ ವಿಷಯಕ್ಕೆ ಬರೋಣ. ಕೇಬಲ್ ಬೇಡ. ಇಂಟರ್ನೆಟ್ ಮೂಲಕ ಟಿವಿ ಚಾನೆಲ್ ಕೊಡುವ ಯೂಟ್ಯೂಬ್ ಟಿವಿಯೂ ಈಗಲೇ ಬೇಡ. ಬರೀ ಇಂಟರ್ನೆಟ್ ಹಾಕಿಸಿಕೋ.

ಆ 60 ಡಾಲರ್ 60 ಆಗಿ ಉಳಿಯುವುದಿಲ್ಲ. ಟಿವಿಗೆ ಜೋಡಿಸುವ ಕೇಬಲ್ ಪೆಟ್ಟಿಗೆಗೆ ಬಾಡಿಗೆ ಬೇರೆ, ಎರಡನೇ ಟಿವಿ ಇದ್ದರೆ ಎರಡನೇ ಪೆಟ್ಟಿಗೆಗೂ ಬಾಡಿಗೆ. ಲೋಕಲ್ ಚಾನೆಲ್‌ಗಳಿಗೆ ಅಂತ ಒಂದು ಶುಲ್ಕ, ಆಟದ ಚಾನೆಲ್‌ಗೆ ಇನ್ನೊಂದು, ಮೇಲೆ ತೆರಿಗೆ. ಇಲ್ಲಿ 1992ರಲ್ಲಿ ಆದ ಕಾನೂನಿನ ಪ್ರಕಾರ ಲೋಕಲ್ ಸ್ಟೇಷನ್‌ಗಳು ತಮ್ಮ ಚಾನೆಲ್ ಕೊಡಲು ಕೇಬಲ್‌ನವರಿಂದ ದುಡ್ಡು ಕೇಳಬಹುದು. ಕೇಬಲ್‌ನವರು ಅದನ್ನು ನಮ್ಮ ತಲೆಗೆ ಕಟ್ಟುತ್ತಾರೆ. ಕಾಂಟ್ರಾಕ್ಟ್ ಕಾಗದದಲ್ಲಿ “ಮೊದಲ 12 ತಿಂಗಳು” ಅಂತ ಸಣ್ಣ ಅಕ್ಷರದಲ್ಲಿ ಇದೆಯಾ ನೋಡು. ಇದ್ದರೆ ಹದಿಮೂರನೇ ತಿಂಗಳ ಬಿಲ್ ನಿನ್ನನ್ನು ಬೆಚ್ಚಿಬೀಳಿಸುತ್ತದೆ. ನಮ್ಮೂರಿನ ಕೇಬಲ್ ಹುಡುಗ ಅಂದುಕೊಳ್ಳಬೇಡ. ಅವನಿಗಾದರೆ “ಮುಂದಿನ ತಿಂಗಳು ಬಾರಪ್ಪ” ಅಂದರೆ ಸೈಕಲ್ ತಿರುಗಿಸಿಕೊಂಡು ಹೋಗುತ್ತಿದ್ದ. ಇಲ್ಲಿ ತಡವಾದರೆ ದಂಡ, ಮಧ್ಯೆ ಬಿಟ್ಟರೆ ದಂಡ. ಬಿಡುವಾಗ ಪೆಟ್ಟಿಗೆ ವಾಪಸ್ ಕೊಟ್ಟ ರಸೀದಿ ಇಟ್ಟುಕೊಂಡಿರದಿದ್ದರೆ ಪೆಟ್ಟಿಗೆಗೂ ದಂಡ. ಈ ಕೊನೆಯದನ್ನು ನಾನು ಕಟ್ಟಿಯೇ ಕಲಿತದ್ದು.

ಯೂಟ್ಯೂಬ್ ಟಿವಿ ಥರದವು ಈ ಲೆಕ್ಕದಲ್ಲಿ ವಾಸಿ. ಪೆಟ್ಟಿಗೆ ಇಲ್ಲ, ಕಾಂಟ್ರಾಕ್ಟ್ ಇಲ್ಲ, ಬೇಡವಾದ ತಿಂಗಳು ಫೋನಿನಲ್ಲೇ ನಿಲ್ಲಿಸಬಹುದು. ನೂರಕ್ಕೂ ಹೆಚ್ಚು ಚಾನೆಲ್, ಎಷ್ಟು ಬೇಕಾದರೂ ರೆಕಾರ್ಡ್ ಮಾಡಿಟ್ಟು ಒಂಬತ್ತು ತಿಂಗಳೊಳಗೆ ನೋಡಬಹುದು. ಒಂದೇ ಸಲ ಮೂರು ಕಡೆ ನಡೆಯುತ್ತದೆ. ಆದರೆ ಅಗ್ಗ ಅನ್ನುವ ಮಾತು ಹಳೆಯದಾಯಿತು. 2017ರಲ್ಲಿ ಶುರುವಾದಾಗ 35 ಡಾಲರ್ ಇತ್ತು. ಆಗ ನಮ್ಮವರು ಕೇಬಲ್ ಬಿಸಾಡಿ ಕುಣಿದಾಡಿದ್ದರು. 2020ರಲ್ಲಿ 65, 2023ರಲ್ಲಿ 73, 2025ರಲ್ಲಿ 83. ಕೇಬಲ್‌ಗೆ ಚಾನೆಲ್ ಮಾರುವವರೇ ಇವರಿಗೂ ಮಾರುವುದು, ಇನ್ನೇನಾಗುತ್ತದೆ? ಜಗಳವೂ ಅದೇ. 2025ರಲ್ಲಿ ರೇಟು ಕುದುರದೆ ಡಿಸ್ನಿಯ ಚಾನೆಲ್‌ಗಳು, ಅಂದರೆ ಎಬಿಸಿ, ಇಎಸ್‌ಪಿಎನ್ ಎಲ್ಲ, ಅಕ್ಟೋಬರ್ 30ರಿಂದ ನವೆಂಬರ್ 14ರವರೆಗೆ ಯೂಟ್ಯೂಬ್ ಟಿವಿಯಲ್ಲಿ ಇರಲಿಲ್ಲ. ಫುಟ್‌ಬಾಲ್ ಸೀಸನ್ ನಡುವೆ! ಇಲ್ಲಿಯವರಿಗೆ ಅದು ದೀಪಾವಳಿಗೆ ಎಣ್ಣೆ ಸಿಗದ ಹಾಗೆ.

ಹಾಗಾದರೆ ಲಾಭ ಯಾರಿಗೆ? ಅಮೆರಿಕನ್ ಫುಟ್‌ಬಾಲ್, ಬಾಸ್ಕೆಟ್‌ಬಾಲ್, ಲೈವ್ ನ್ಯೂಸ್ ದಿನಾ ನೋಡುವವರಿಗೆ. ನಿನ್ನ ಪ್ರಶ್ನೆಯಲ್ಲಿ ಇವುಗಳ ಹೆಸರೇ ಇಲ್ಲ. ಇಂಗ್ಲಿಷ್ ನ್ಯೂಸ್, ಹವಾಮಾನ, ಒಲಿಂಪಿಕ್ಸ್ ಸಾಕು ಅಂದರೆ ಒಂದು ಆಂಟೆನಾ ತಗೋ. ಹೌದು, ಆಂಟೆನಾನೇ. ನಾವು ಚಿಕ್ಕವರಿದ್ದಾಗ ಮಾಳಿಗೆ ಮೇಲೆ ಹತ್ತಿ “ಬಂತಾ? ಬಂತಾ?” ಅಂತ ಕೂಗುತ್ತಾ ತಿರುಗಿಸುತ್ತಿದ್ದೆವಲ್ಲ, ಅದರ ಮೊಮ್ಮಗ. ಕಾಗದದಷ್ಟು ತೆಳ್ಳಗೆ, ಕಿಟಕಿಗೆ ಅಂಟಿಸಬಹುದು. ಇಲ್ಲಿ 2009ರಿಂದ ಎಲ್ಲ ದೊಡ್ಡ ಸ್ಟೇಷನ್‌ಗಳೂ ಡಿಜಿಟಲ್. ಎಬಿಸಿ, ಎನ್‌ಬಿಸಿ, ಸಿಬಿಎಸ್, ಫಾಕ್ಸ್, ಪಿಬಿಎಸ್ ಬಿಟ್ಟಿಯಾಗಿ ಬರುತ್ತವೆ, ತಿಂಗಳಿಗೆ ಒಂದು ಸೆಂಟೂ ಇಲ್ಲ. ನಿಮ್ಮ ಡಲ್ಲಾಸ್ ಕಡೆಯ ಟಿವಿ ಟವರ್‌ಗಳು ಸೀಡರ್ ಹಿಲ್‌ನಲ್ಲಿವೆ. ಪ್ಲೇನೋಗೆ ಅದು ದಕ್ಷಿಣ. ದಕ್ಷಿಣದ ಕಿಟಕಿಗೆ ಅಂಟಿಸು.

ಕ್ರಿಕೆಟ್‌ಗೆ ವಿಲ್ಲೋ ಚಾನೆಲ್. ಅದನ್ನು ಬೇರೆಯಾಗೇ ತಗೋಬಹುದು, ಯೂಟ್ಯೂಬ್ ಟಿವಿ ಥರದ್ದೇ ಆದ ಸ್ಲಿಂಗ್‌ನಲ್ಲೂ ಸಿಗುತ್ತದೆ. ಐಪಿಎಲ್ ರಾತ್ರಿ ಮ್ಯಾಚು ನಿಮ್ಮಲ್ಲಿ ಬೆಳಗ್ಗೆ ಒಂಬತ್ತಕ್ಕೆ ಶುರು, ಸರಿಯಾಗಿ ಆಫೀಸ್ ಮೀಟಿಂಗ್ ಹೊತ್ತಿಗೆ. 2025ರ ಜೂನ್ 3ರಂದು ಆರ್‌ಸಿಬಿ ಕಪ್ ಗೆದ್ದದ್ದನ್ನು ನಾನು ಆಫೀಸಿನ ಪಾರ್ಕಿಂಗ್ ಲಾಟ್‌ನಲ್ಲಿ, ಕಾರಿನೊಳಗೆ ಕೂತು, ಫೋನಿನಲ್ಲಿ ನೋಡಿದೆ. ಹದಿನೆಂಟು ವರ್ಷ ಕಾದಿದ್ದು ಸ್ವಾಮಿ! ಗೆದ್ದಾಗ ಹಾರ್ನ್ ಒತ್ತಿದೆ. ಪಕ್ಕದ ಕಾರಿನಾಕೆ ಕೈ ಬೀಸಿ ಕ್ಷಮೆ ಕೇಳಿದಳು, ಪಾಪ, ತನ್ನದೇ ತಪ್ಪು ಅಂದುಕೊಂಡು.

ಈಗ ನಿನ್ನ ಅತ್ತೆ ಮಾವನ ವಿಷಯ. ನೀನು ಅದನ್ನು ಅರ್ಧ ಸಾಲಿನಲ್ಲಿ ಬರೆದು ಮುಗಿಸಿದ್ದೀಯ. ನನಗೆ ಓದಿದಾಗಿನಿಂದ ಅದೇ ತಲೆಯಲ್ಲಿದೆ.

ನಾನು ಬಂದದ್ದು 2010ರ ಜನವರಿಯಲ್ಲಿ. ಕೆಲವು ತಿಂಗಳಿಗೇ ಕೇಬಲ್‌ನವನು ಬಾಗಿಲು ತಟ್ಟಿದ. ಇನ್ನೂರು ಚಾನೆಲ್ ಅಂದ. ತಿಪಟೂರಿನ ಮನೆಯಲ್ಲಿ ದೂರದರ್ಶನ ಒಂದೇ ನೋಡಿ ಬೆಳೆದವಳು ನಾನು, ಬೇಡ ಅನ್ನುತ್ತೇನಾ? ಎರಡು ವರ್ಷ ಮುಗಿಯುತ್ತಿದ್ದ ಹಾಗೆ ಬೆಲೆ ಕಮ್ಮಿ ಮಾಡುತ್ತೇನೆ ಅಂದ, ಇನ್ನೆರಡು ವರ್ಷಕ್ಕೆ ಸೈನ್ ಮಾಡಿದೆ. ಅದೇ 2012ರ ಏಪ್ರಿಲ್‌ನಲ್ಲಿ ಅಪ್ಪ ಅಮ್ಮ ನನ್ನ ಬಾಣಂತನಕ್ಕೆ ಬಂದರು.

ಅಮ್ಮನಿಗೆ ಕೈತುಂಬ ಕೆಲಸ. ಮಗುವಿಗೆ ಎಣ್ಣೆ ನೀರು, ನನಗೆ ಮೆಣಸಿನ ಸಾರು, ಲೋಬಾನದ ಹೊಗೆಗೆ ಬಡಿದುಕೊಳ್ಳುವ ಸ್ಮೋಕ್ ಅಲಾರ್ಮ್. ಅಪ್ಪನಿಗೆ ಏನಿತ್ತು? ತೋಟ ಇಲ್ಲ, ಪೇಪರ್ ಇಲ್ಲ, ಮಾತಾಡಲು ಜನ ಇಲ್ಲ. ಇನ್ನೂರು ಚಾನೆಲ್ ತಿರುಗಿಸಿ ತಿರುಗಿಸಿ ಕೊನೆಗೆ ಒಂದರಲ್ಲಿ ನಿಂತರು. ವೆದರ್ ಚಾನೆಲ್. ಇಂಗ್ಲಿಷ್ ಬೇಡ ಅದಕ್ಕೆ, ಮೋಡ ನೋಡಿದರೆ ಸಾಕು. ಪ್ರತಿ ಗಂಟೆಯ ಎಂಟನೇ, ಹದಿನೆಂಟನೇ, ಇಪ್ಪತ್ತೆಂಟನೇ ನಿಮಿಷಕ್ಕೆ ನಾವಿದ್ದ ಊರಿನ ಹವಾಮಾನ ಬರುತ್ತದೆ ಅಂತ ಮೂರೇ ದಿನದಲ್ಲಿ ಕಂಡುಹಿಡಿದರು. ಫ್ಯಾರನ್‌ಹೀಟ್‌ಗೆ ಅವರದೇ ಲೆಕ್ಕ, ಮೂವತ್ತು ಕಳೆದು ಅರ್ಧ ಮಾಡು. ಮಳೆಗೂ ಅವರದೇ ಹೆಸರು. “ಇಲ್ಲಿ ರೋಹಿಣಿ ಕೈಕೊಟ್ಟಿತು ಕಣಮ್ಮ” ಅನ್ನುತ್ತಿದ್ದರು. ಆ ವರ್ಷ ಇಲ್ಲಿ ಬರ. ಇಲಿನಾಯ್, ಇಂಡಿಯಾನಾದಲ್ಲಿ ಮುಸುಕಿನ ಜೋಳ ನಿಂತ ನಿಲುವಲ್ಲೇ ಒಣಗುವುದನ್ನು ಟಿವಿಯಲ್ಲಿ ತೋರಿಸುತ್ತಿದ್ದರು. ಅಪ್ಪ ಊಟದ ತಟ್ಟೆ ಹಿಡಿದು ನೋಡುತ್ತಾ ಕೂರುತ್ತಿದ್ದರು. ಊರಲ್ಲೂ ಆ ವರ್ಷ ಬರವೇ.

ಜೂನ್ 29, ಶುಕ್ರವಾರ. ಮಧ್ಯಾಹ್ನವೇ ಅಪ್ಪ ಅಮ್ಮನನ್ನು ಕರೆದು, ಬಾಲ್ಕನಿಯಲ್ಲಿ ಒಣಹಾಕಿದ್ದ ಮಗುವಿನ ಬಟ್ಟೆಗಳನ್ನೆಲ್ಲ ಒಳಗೆ ತೆಗೆಸಿದರು. ಹೊರಗೆ ಸುಡು ಬಿಸಿಲು. ನಾನು ನಕ್ಕೆ. ಟಿವಿಯಲ್ಲಿ ಇಂಡಿಯಾನಾ ಕಡೆಯಿಂದ ಕೆಂಪು ಬಿಲ್ಲಿನ ಹಾಗೆ ಏನೋ ಬರುತ್ತಿತ್ತು. ಅಪ್ಪ ಅದರ ಮೇಲೆ ಬೆರಳಿಟ್ಟು, “ಇದು ನಿಲ್ಲೋ ಮಳೆ ಅಲ್ಲ, ಓಡೋ ಗಾಳಿ” ಅಂದರು. ಸಂಜೆಗೆ ಬಂದೇ ಬಂತು. ಅದಕ್ಕೆ ಇಲ್ಲಿ ಡೆರೇಚೋ ಅನ್ನುತ್ತಾರೆ. ನಮ್ಮ ಒಹಾಯೋದಲ್ಲಿ ಮರಗಳು ಸಾಲಾಗಿ ಉರುಳಿದವು. ನಮ್ಮ ಮನೆಗೆ ಐದು ದಿನ ಕರೆಂಟ್ ಇರಲಿಲ್ಲ. ಟಿವಿಯೂ ಇಲ್ಲದೆ ಅಪ್ಪ ಮೆಟ್ಟಿಲ ಮೇಲೆ ಕೂತು, ಬಿದ್ದ ಮೇಪಲ್ ಮರದ ಕೊಂಬೆಯನ್ನು ನೋಡುತ್ತಿದ್ದರು.

ಕರೆಂಟ್ ಬಂದ ದಿನವೇ ಇರಬೇಕು, ಒಂದೇ ಒಂದು ಸಲ ಕೇಳಿದರು. “ಇದ್ರಲ್ಲಿ ನಮ್ ಕಡೆ ವಾರ್ತೆ ಬರಲ್ವೇನಮ್ಮ?”

ಆ ಕೇಬಲ್‌ನಲ್ಲಿ ಕನ್ನಡ ಇರಲಿಲ್ಲ. ಅದಕ್ಕೆ ಬೇರೆ ಕಂಪನಿ, ಬೇರೆ ಪೆಟ್ಟಿಗೆ. ಎರಡಕ್ಕೂ ದುಡ್ಡು ಕಟ್ಟುವುದು ದಂಡ ಅನಿಸಿತು. ಕೇಬಲ್ ಬಿಡೋಣ ಅಂತ ಫೋನ್ ಮಾಡಿದರೆ ಕಾಂಟ್ರಾಕ್ಟ್ ಮುರಿಯಲು 200 ಡಾಲರ್ ಅಂದರು. ನಾನು ಫೋನಿಟ್ಟು, ಅಪ್ಪನ ಎದುರಿಗೇ, ರೂಪಾಯಿಗೆ ತಿರುಗಿಸಿ ಹೇಳಿದೆ. ಡಾಲರಿಗೆ ಆಗ 55 ಇತ್ತು. “ಹನ್ನೊಂದು ಸಾವಿರ ಆಗುತ್ತೆ ಅಪ್ಪಾ.”

“ಬ್ಯಾಡ ಕಣಮ್ಮ. ವಾರ್ತೆ ಎಲ್ಲಿ ಹೋಗ್ತದೆ, ಊರಿಗೆ ಹೋದ ಮೇಲೂ ಇರ್ತದೆ” ಅಂದರು. ಮತ್ತೆ ಕೇಳಲಿಲ್ಲ.

ಅದೇ ತಿಂಗಳು ಮಗುವಿನ ತಳ್ಳುಗಾಡಿಗೆ 250 ಡಾಲರ್ ಕೊಟ್ಟಿದ್ದೆವು. ಅದನ್ನು ಮಾತ್ರ ರೂಪಾಯಿಗೆ ತಿರುಗಿಸಿ ಹೇಳಿರಲಿಲ್ಲ.

ಜುಲೈ 12ಕ್ಕೆ ಸದಾನಂದ ಗೌಡರು ಹೋಗಿ ಜಗದೀಶ ಶೆಟ್ಟರ್ ಮುಖ್ಯಮಂತ್ರಿ ಆದರು. ಚುನಾವಣೆ ಅಂದರೆ ಊಟ ಬಿಡುವ ಮನುಷ್ಯ ನಮ್ಮಪ್ಪ. ಅವರಿಗೆ ಗೊತ್ತಾದದ್ದು ಭಾನುವಾರ, ನನ್ನ ತಮ್ಮ ಫೋನಿನಲ್ಲಿ ಹೇಳಿದ ಮೇಲೆ. ನಾನು ಲ್ಯಾಪ್‌ಟಾಪಿನಲ್ಲಿ ಗುರುವಾರವೇ ಓದಿದ್ದೆ. ಅಪ್ಪನಿಗೆ ಹೇಳಬೇಕು ಅಂತ ಹೊಳೆದೇ ಇರಲಿಲ್ಲ. “ಹೌದಾ, ಆಗಿಹೋಯ್ತಾ?” ಅಂದು ಫೋನನ್ನು ಅಮ್ಮನಿಗೆ ಕೊಟ್ಟರು.

ಅಪ್ಪ 2018ರಲ್ಲಿ ಹೋದರು. ಆಮೇಲೆ ತಮ್ಮ ಅವರ ಡೈರಿಯ ಪುಟಗಳ ಫೋಟೋ ಕಳಿಸಿದ. ಕೊಬ್ಬರಿ ಲೆಕ್ಕ, ಆಳಿನ ಲೆಕ್ಕದ ನಡುವೆ ನಮ್ಮ ಮನೆಯ ಆರು ತಿಂಗಳೂ ಇದ್ದವು. ಜೂನ್ 29ಕ್ಕೆ ಹೀಗೆ: “ಆರಿದ್ರಾ. ಗಾಳಿ ವಿಪರೀತ, ಮಳೆ ಕಮ್ಮಿ. ಕರೆಂಟಿಲ್ಲ. ಮಗು ಮಲಗಿದೆ.”

ಅದಕ್ಕೇ ಹೇಳುತ್ತಿರುವುದು, ಕಾಂಟ್ರಾಕ್ಟಿಗೆ ಕೈ ಹಾಕಬೇಡ. ಜೂನಿನಲ್ಲಿ ನಿನ್ನ ಮನೆಗೆ ಏನು ಬೇಕಾಗುತ್ತದೋ ನಿನಗೆ ಇವತ್ತು ಗೊತ್ತಿಲ್ಲ. ಈಗ ನಿನಗೆ ಎಲ್ಲ ಸಲೀಸು. ಟಿವಿ9, ಪಬ್ಲಿಕ್ ಟಿವಿ ಯೂಟ್ಯೂಬಿನಲ್ಲೇ ಲೈವ್ ಬರುತ್ತವೆ, ಬಿಟ್ಟಿ. ಉದಯದ ಸೀರಿಯಲ್‌ಗೆ ಸನ್ ನೆಕ್ಸ್ಟ್ ಆಪ್, ಜೀ ಕನ್ನಡಕ್ಕೆ ಜೀ5 ಆಪ್. ಚಾನೆಲ್ ತಿರುಗಿಸಿದ ಹಾಗೆಯೇ ಇರಬೇಕು ಅಂದರೆ ಯಪ್ ಟಿವಿ ಇದೆ. ಅವರು ಬಂದ ತಿಂಗಳು ಹಾಕಿಸು, ಹೋದ ತಿಂಗಳು ನಿಲ್ಲಿಸು.

ಆದರೆ ಆಪ್ ಹಾಕಿಕೊಟ್ಟು ಆಫೀಸಿಗೆ ಹೋಗಿಬಿಡಬೇಡ. ಮೊದಲ ವಾರ ಮಾವನ ಕೈಗೇ ರಿಮೋಟ್ ಕೊಟ್ಟು, ಅವರೇ ಹಾಕಿ, ಆರಿಸಿ, ಮತ್ತೆ ಹಾಕುವವರೆಗೂ ಪಕ್ಕದಲ್ಲಿ ಕೂರು. ಗುಂಡಿಗಳ ಮೇಲೆ ಕನ್ನಡದಲ್ಲಿ ಬರೆದು ಚೀಟಿ ಅಂಟಿಸು. ಎಷ್ಟಾಯಿತು ಅಂತ ಕೇಳಿದರೆ ಇಂಟರ್ನೆಟ್ ಜೊತೆ ಬಿಟ್ಟಿ ಬಂತು ಅನ್ನು.

ಅತ್ತೆಯವರು ಯಾವ್ಯಾವ ಸೀರಿಯಲ್ ನೋಡುತ್ತಾರೆ ಕೇಳಿ ಬರಿ. ಯಾವುದು ಎಲ್ಲಿ ಸಿಗುತ್ತದೆ ಅಂತ ನಾನು ಹುಡುಕಿ ಹೇಳುತ್ತೇನೆ.