ಟಾಟಾ 407 ಲಾರಿಯ ಜಾಮ್ ಆದ ಶಾಕಲ್ ಪಿನ್ನನ್ನು ಪುಲ್ಲರ್ (ಪಿನ್ ಎಳೆದು ತೆಗೆಯುವ ಸಾಧನ) ಇಲ್ಲದೆ ಮನೆಯಲ್ಲೇ ತೆಗೆಯಬಹುದೇ?

ತೆಗೆಯಬಹುದು, ಆದರೆ ನಿಮಗಿರುವ ಕೊರತೆ ಪುಲ್ಲರಿನದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ಹಳೆಯ 407 ಮಲ್ಪೆ ಬಂದರಿನಿಂದ ಮೀನು ಸಾಗಿಸುತ್ತಿತ್ತು. ಕರಗಿದ ಐಸಿನ ಉಪ್ಪುನೀರು ಸದಾ ಚಾಸಿಗೆ ಇಳಿಯುತ್ತಿದ್ದುದರಿಂದ ಹಿಂದಿನ ಬ್ಲೇಡ್ ಸೆಟ್ಟನ್ನು (ಪಟ್ಟಿ ಸ್ಪ್ರಿಂಗನ್ನು) ಚಾಸಿಗೆ ಜೋಡಿಸುವ ಶಾಕಲ್ ಕೊಂಡಿಯ ಪಿನ್ನೂ ಅದರ ಸುತ್ತಲಿನ ಕೊಳವೆಯಾದ ಬುಷ್ಷೂ ತುಕ್ಕಿನಲ್ಲಿ ಒಂದಾಗಿದ್ದವು.

ನಾನು ಹೌಸಿಂಗಿನ, ಅಂದರೆ ಹಿಂದಿನ ಆಕ್ಸಲ್ ಕವಚದ, ಅಡಿಗೆ ಜಾಕ್ ಕೊಟ್ಟು, ಚಕ್ರ ಕಳಚಿ, ಸುತ್ತಿಗೆ ಹಿಡಿದೆ. ಕೆಲಸ ಕೆಟ್ಟದ್ದು ಸುತ್ತಿಗೆಯಿಂದಲ್ಲ, ಜಾಕ್ ಇಟ್ಟ ಜಾಗದಿಂದ. ಹೌಸಿಂಗನ್ನು ಎತ್ತಿದರೆ ಚಕ್ರ ನೆಲ ಬಿಡುತ್ತದೆಯೇ ಹೊರತು ಗಾಡಿಯ ಭಾರ ಬ್ಲೇಡ್ ಸೆಟ್ಟಿನ ಮೇಲೆಯೇ ಉಳಿಯುತ್ತದೆ. ಆ ಭಾರಕ್ಕೆ ಮೇನ್ ಬ್ಲೇಡಿನ ಕಣ್ಣು, ಅಂದರೆ ಪಿನ್ನು ಕೂರುವ ತುದಿಯ ಸುರುಳಿ, ಪಿನ್ನನ್ನು ಒಂದೇ ಮಗ್ಗುಲಿಗೆ ಅದುಮಿ ಹಿಡಿದಿರುತ್ತದೆ. ಹೀಗಾಗಿ ನನ್ನ ಪೆಟ್ಟುಗಳು ಪಿನ್ನನ್ನು ಸರಿಸುವ ಬದಲು ಅದರ ತುದಿಯನ್ನೇ ಅರಳಿಸಿದವು: ಮೊದಲು ಗ್ರೀಸ್ ನಿಪ್ಪಲಿನ ತೂತು ಮುಚ್ಚಿತು, ಆಮೇಲೆ ತುದಿ ಕಣ್ಣಿನೊಳಗೆ ತೂರಲಾರದಷ್ಟು ದಪ್ಪವಾಯಿತು. ಕೊನೆಗೆ ಗ್ಯಾಸ್ ಕಟರಿನಿಂದ ಕತ್ತರಿಸಿದಾಗ ಆ ಬಿಸಿಗೆ ಕಣ್ಣಿನ ಉಕ್ಕಿನ ಹದ ಕೆಟ್ಟು, ಮೇನ್ ಬ್ಲೇಡನ್ನೂ ಬದಲಾಯಿಸಬೇಕಾಯಿತು. ಆದರೂ ಪಿನ್ನು ಆಗ ಹೊರಬಾರದಿದ್ದುದೇ ಒಳ್ಳೆಯದಾಯಿತು. ಬಂದಿದ್ದರೆ ಅಡಿಯಲ್ಲಿದ್ದ ನನ್ನ ಮೇಲೆಯೇ ಚಾಸಿ ಕುಸಿಯುತ್ತಿತ್ತು.

ಚಾಸಿಯನ್ನು ಮಾತ್ರ ಎತ್ತಿ ಹೌಸಿಂಗನ್ನು ನೇತಾಡಲು ಬಿಡುವುದೂ ಸರಿಯಲ್ಲ, ಏಕೆಂದರೆ ಆಗ ಅದರ ತೂಕ ಕೆಳಕ್ಕೆ ಎಳೆದು ಪಿನ್ನು ಇನ್ನೊಂದು ಮಗ್ಗುಲಿಗೆ ಕಚ್ಚಿಕೊಳ್ಳುತ್ತದೆ. ಮುಂದಿನ ಚಕ್ರಗಳಿಗೆ ಅಡೆ ಕೊಟ್ಟು, ಚಾಸಿಯನ್ನು ಗಟ್ಟಿ ಸ್ಟ್ಯಾಂಡುಗಳ ಮೇಲೆ ಕೂರಿಸಿ, ಹೌಸಿಂಗಿಗೆ ಬೇರೊಂದು ಜಾಕ್ ಇಟ್ಟು ಸ್ವಲ್ಪಸ್ವಲ್ಪವೇ ಏರಿಸಿ. ಶಾಕಲಿನ ಇನ್ನೊಂದು ಪಿನ್ನು, ಅಂದರೆ ಜಾಮ್ ಆಗದಿರುವುದು, ಕೈಗೆ ಸಡಿಲವಾಗಿ ಅಲುಗಾಡಿದರೆ ಭಾರ ಇಳಿದಿದೆ ಎಂದರ್ಥ. ಆಮೇಲೆ ನಿಪ್ಪಲ್ ಮತ್ತು ಲಾಕ್ ಬೋಲ್ಟ್ ಬಿಚ್ಚಿ, ರಾತ್ರಿಯಿಡೀ ತುಕ್ಕು ಬಿಡಿಸುವ ಎಣ್ಣೆಯಲ್ಲಿ ನೆನೆಯಲು ಬಿಟ್ಟು, ಹಿತ್ತಾಳೆಯ ಸರಳನ್ನು ನಡುವೆ ಇಟ್ಟು ಹೊಡೆಯಿರಿ. ಬುಷ್ಷಿಗೆ ಪ್ರೆಸ್ ಬೇಕಿಲ್ಲ. ಉದ್ದನೆಯ ಬೋಲ್ಟು, ದಪ್ಪ ವಾಷರು ಮತ್ತು ಬುಷ್ಷಿಗಿಂತ ತುಸು ಅಗಲವಾದ ಪೈಪಿನ ತುಂಡು ಇದ್ದರೆ, ನಟ್ ಬಿಗಿಸುತ್ತ ಹೋದಂತೆ ಬುಷ್ಷು ಪೈಪಿನೊಳಕ್ಕೆ ಜಾರಿ ಬರುತ್ತದೆ.

ಸ್ಟ್ಯಾಂಡ್ ಇಲ್ಲವೆಂದು ಹಾಲೋ ಬ್ಲಾಕುಗಳ ಮೇಲೆ ಗಾಡಿ ನಿಲ್ಲಿಸುವ ಯೋಚನೆಯಿದ್ದರೆ ದಯವಿಟ್ಟು ಈ ಕೆಲಸಕ್ಕೆ ಕೈ ಹಾಕಬೇಡಿ. ಅವು ಮುನ್ಸೂಚನೆಯಿಲ್ಲದೆ ಒಡೆಯುತ್ತವೆ. ಬ್ಲೇಡುಗಳನ್ನು ಒಟ್ಟಾಗಿ ಹಿಡಿದಿರುವ ಸೆಂಟರ್ ಬೋಲ್ಟನ್ನೂ ಮನೆಯಲ್ಲಿ ಮುಟ್ಟಬೇಡಿ. ಕ್ಲಾಂಪ್ ಹಾಕದೆ ಅದನ್ನು ಬಿಚ್ಚಿದರೆ ಬ್ಲೇಡುಗಳು ಸಿಡಿಯುತ್ತವೆ, ಮತ್ತು ಶಾಕಲ್ ಪಿನ್ನಿಗಾಗಿ ಅದನ್ನು ಬಿಚ್ಚುವ ಅಗತ್ಯವೇ ಇಲ್ಲ.